ಕುಸುಬಿ ಎಣ್ಣೆಯಲ್ಲಿ ನೆನೆದ ರಬ್ಬರ್ ಉಂಗುರ

ಅದು ೧೯೮೪ರ ಮಳೆಗಾಲ. ಅಫಜಲಪುರ ತಾಲೂಕಿನ ನಮ್ಮ ಮಣ್ಣೂರಿನಲ್ಲಿ ಭೀಮಾ ನದಿ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ನನ್ನ ಅಣ್ಣ ಶರಣಪ್ಪ ಜನರನ್ನು ಆಚೆ ದಂಡೆಗೆ ದಾಟಿಸುವ ಎಂಜಿನ್ ದೋಣಿ ನಡೆಸುತ್ತಿದ್ದ. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಅವನ ಮನೆ ನೋಡಿಕೊಂಡಿದ್ದೆ.

ಅಣ್ಣ ಮೊದಲು ಮುಂಬೈಯಲ್ಲಿ ಹಡಗು ಕಟ್ಟುವ ಕಡೆ ಕೆಲಸಕ್ಕಿದ್ದ. ಹಡಗಿನ ಬಾಗಿಲಿಗೆ, ಕಿಟಕಿಗೆ, ಪಂಪಿಗೆ ನೀರು ಒಳಗೆ ಬಾರದ ಹಾಗೆ ಸೀಲು ಕೂಡಿಸುವುದು ಅವನ ಕೆಲಸ. ದೊಡ್ಡ ಹಡಗಿನಲ್ಲಿ ಕನ್ನಡಿಯಂತೆ ನುಣುಪಾದ ಎರಡು ಬಿಲ್ಲೆಗಳು ಒಂದಕ್ಕೊಂದು ಉಜ್ಜುತ್ತಲೇ ನೀರು ತಡೆಯುತ್ತವೆ ಎಂದು ಹೇಳುತ್ತಿದ್ದ. ನಾನು ನಂಬುತ್ತಿರಲಿಲ್ಲ. "ಹಡಗ ತೇಲೂದು ಕಬ್ಬಿಣದಿಂದಲ್ಲ ಗುರವ್ವ, ಕೈಬಳಿಯಷ್ಟು ರಬ್ಬರಿನಿಂದ" ಎಂದು ನಗುತ್ತಿದ್ದ.

ಊರಿಗೆ ಬಂದು ತಗಡಿನ ದೋಣಿ ಮಾಡಿಸಿ, ಹೊಲಕ್ಕೆ ನೀರೆತ್ತುವ ಡೀಸೆಲ್ ಎಂಜಿನ್ ಅದಕ್ಕೆ ಕೂಡಿಸಿದ. ಎಂಜಿನ್ನಿನಿಂದ ಹೊರಟ ಕಬ್ಬಿಣದ ದಂಡ ದೋಣಿಯ ಹಿಂಭಾಗದ ತೂತಿನಿಂದ ಹೊರಗೆ ಹೋಗಿ ನೀರಿನಲ್ಲಿ ಪಂಖ ತಿರುಗಿಸುತ್ತಿತ್ತು. ಆ ತೂತಿನಲ್ಲಿ ದಂಡದ ಸುತ್ತ ಒಂದು ರಬ್ಬರ್ ಉಂಗುರ. ನದಿಯನ್ನು ಹೊರಗೆ ನಿಲ್ಲಿಸುತ್ತಿದ್ದದ್ದು ಅದೊಂದೇ. ಎಂಜಿನ್ ನೋಡಿಕೊಳ್ಳಲು ಅಫಜಲಪುರದ ರಾಜಾಸಾಬ ಇದ್ದ. ಅಣ್ಣನ ಜೀವದ ಗೆಳೆಯ. ನನಗೂ ಅಣ್ಣನಿದ್ದಂತೆಯೇ.

ಅದು ಸವೆದರೆ ಬೇಕಾಗುತ್ತದೆಂದು ಮುಂಬೈಯಿಂದ ತಂದ ಇನ್ನೆರಡು ಉಂಗುರಗಳನ್ನು ಅಣ್ಣ ನನ್ನ ಕೈಗೆ ಕೊಟ್ಟಿದ್ದ. "ಜ್ವಾಕಿಲೆ ಇಡು. ಒಣಗಿ ಬಿರಿತಂದ್ರ ಇಲ್ಲಿ ಎಲ್ಲೂ ಸಿಗಂಗಿಲ್ಲ" ಎಂದಷ್ಟೇ ಹೇಳಿದ.

ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಗೊತ್ತು. ಎಣ್ಣೆ ಕಾಣದ ವಸ್ತು ಬೇಸಿಗೆ ದಾಟುವುದಿಲ್ಲ. ಎತ್ತಿನ ಬಾರು, ಚಪ್ಪಲಿ, ಬಾಗಿಲ ಅಗಳಿ ಎಲ್ಲಕ್ಕೂ ಕುಸುಬಿ ಎಣ್ಣೆ ಹಚ್ಚಿಯೇ ಉಳಿಸಿಕೊಳ್ಳುತ್ತೇವೆ. ನಾನೂ ಹಾಗೇ ಮಾಡಿದೆ. ಎರಡೂ ಉಂಗುರಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಮುಳುಗುವಷ್ಟು ಕುಸುಬಿ ಎಣ್ಣೆ ಹೊಯ್ದು, ಬೇಸಿಗೆ ಪೂರ್ತಿ ನೆಲುವಿನ ಮೇಲಿಟ್ಟೆ. ಮಳೆ ಶುರುವಾಗಿ ಅಣ್ಣ ಕೇಳಿದಾಗ ಒಂದನ್ನು ತೆಗೆದು, ಒರೆಸಿ, ಹೆಮ್ಮೆಯಿಂದ ಕೊಟ್ಟೆ. ಅದು ಸ್ವಲ್ಪ ಉಬ್ಬಿತ್ತು. ಕೂಡಿಸುವಾಗ ಬಿಗಿಯಾಯಿತು. "ಈ ಸಲ ಭಾಳ ಘಟ್ಟಿ ಕುಂತದ ನೋಡು" ಎಂದು ಅಣ್ಣನೇ ಖುಷಿಪಟ್ಟ.

ಕೆಲವು ದಿನ ಏನೂ ಆಗಲಿಲ್ಲ. ಒಂದು ಸಂತೆಯ ದಿನ ದೋಣಿ ತುಂಬ ಜನ. ನಾನೂ ಇದ್ದೆ. ನಡುನೀರಿನಲ್ಲಿ ಒಬ್ಬ ಮುದುಕಿ ಕಾಲು ಮೇಲೆತ್ತಿ, "ಶರಣ್ಯಾ, ನಿನ್ನ ಮುಂಬೈ ಹಡಗ ಜಳಕ ಮಾಡ್ಲಾಕತ್ತದಲ್ಲೋ!" ಎಂದಳು. ಎಲ್ಲರೂ ನಕ್ಕರು. ಕೆಳಗೆ ನೋಡಿದರೆ ದಂಡದ ಸುತ್ತಿನಿಂದ ನೀರು ಚಿಮ್ಮುತ್ತಿತ್ತು. ನಗು ಅಲ್ಲಿಗೇ ನಿಂತಿತು.

ರಾಜಾಸಾಬ ಎಂಜಿನ್ ಬಂದ್ ಮಾಡಿ ತನ್ನ ತಲೆಯ ರುಮಾಲನ್ನೇ ಬಿಚ್ಚಿ ತೂತಿಗೆ ತುರುಕಿದ. ಅದರ ಮೇಲೆ ನಾನು ಎರಡೂ ಅಂಗೈ ಒತ್ತಿ ಹಿಡಿದೆ. ಅಣ್ಣ ಹುಟ್ಟು ಹಾಕಿದ. ಗಂಡಸರು ಕೊಡದಿಂದ, ಬುಟ್ಟಿಯಿಂದ ನೀರು ಚೆಲ್ಲಿದರು. ಹೊಳೆಯ ಸೆಳೆತಕ್ಕೆ ಬಹಳ ದೂರ ಕೆಳಗೆ ಹೋಗಿ ಅಂತೂ ದಂಡೆ ಮುಟ್ಟಿದೆವು. ಯಾರಿಗೂ ಏನೂ ಆಗಲಿಲ್ಲ.

ಅಣ್ಣ ಉಂಗುರ ಕಿತ್ತು ತೆಗೆದ. ಅದು ನೆನೆದ ರೊಟ್ಟಿಯಂತೆ ತುಂಡು ತುಂಡಾಗಿ ಕೈಗೆ ಬಂತು. ಒತ್ತಿದರೆ ಎಣ್ಣೆಯ ಜಿಡ್ಡು.

"ರಾಜ್ಯಾ, ರಬ್ಬರಿಗಿ ಗ್ರೀಸ್ ಹಚ್ಚೀದಿ!" ಎಂದು ಅಣ್ಣ ಎಲ್ಲರೆದುರು ಕೂಗಿದ. "ಎಣ್ಣಿ ತಾಗಿದ್ರ ರಬ್ಬರ್ ಉಬ್ಬಿ ಕೊಳೀತದ ಅಂತ ಎಷ್ಟು ಸಲ ಹೇಳೀನಿ ನಿನಗ? ಇಷ್ಟು ಜನರ ಜೀವ ತೆಗೀತಿದ್ದಿ!"

"ಅಲ್ಲಾನ ಆಣಿ ಶರಣು, ನಾ ಹಚ್ಚಿಲ್ಲ."

"ಮತ್ಯಾರು, ನದಿ ಬಂದು ಹಚ್ಚತೇನು? ನಾಳಿಂದ ನನ್ನ ದೋಣಿ ಹತ್ತಬ್ಯಾಡ."

ಎಣ್ಣೆಗೂ ರಬ್ಬರಿಗೂ ಆಗದು ಎಂದು ನನಗೆ ತಿಳಿದದ್ದೇ ಆ ಮಾತಿನಿಂದ. ಅಲ್ಲೇ, ಅವರಿಬ್ಬರ ನಡುವೆ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಜನರು ನನ್ನನ್ನು ಏನೆಂದಾರು ಎಂಬ ಹೆದರಿಕೆ. ರಾಜಾಸಾಬ ಒದ್ದೆ ರುಮಾಲು ಹಿಂಡಿ ಹೆಗಲಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದು ಹೋದ.

ವಾರ ಕಳೆಯಿತು. ಅಣ್ಣ ದೋಣಿ ಒಣಗಿಸಿ, "ಆ ಉಳಿದ ಉಂಗುರ ಕೊಡು ಗುರವ್ವ" ಎಂದ. ಡಬ್ಬಿ ಇಳಿಸಿ ನೋಡಿದೆ. ಅದೂ ಉಬ್ಬಿತ್ತು. ಸೀಗೆಕಾಯಿ ಹಚ್ಚಿ ತಿಕ್ಕಿ ತೊಳೆದೆ, ನೆರಳಿಗೆ ಹಾಕಿದೆ. ಅದು ಮೊದಲಿನ ಅಳತೆಗೆ ಬರಲೇ ಇಲ್ಲ. ಮೇಲೆ ಎಣ್ಣೆಯ ಗುರುತು ಮಾತ್ರ ಹೋಗಿತ್ತು. ಹಾಗೇ ಕೊಟ್ಟರೆ ಅಣ್ಣ ಕೂಡಿಸುತ್ತಾನೆ, ಮತ್ತೆ ಅದೇ ಮುದುಕಿ, ಅದೇ ಜನ ಹತ್ತುತ್ತಾರೆ. ಇನ್ನು ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ ಎನಿಸಿತು. ಎಣ್ಣೆಯ ಡಬ್ಬಿ, ಉಂಗುರ ಎರಡನ್ನೂ ತಂದು ಅಣ್ಣನ ಮುಂದಿಟ್ಟೆ.

"ರಾಜಾಣ್ಣ ಗ್ರೀಸ್ ಹಚ್ಚಿಲ್ಲ. ನಾನೇ ಇದರಾಗ ಹಾಕಿ ಇಟ್ಟಿದ್ದೆ."

ಅಣ್ಣ ಡಬ್ಬಿ ಮೂಸಿ ನೋಡಿದ. "ರಬ್ಬರ್ ಕೆಟ್ಟಿದ್ದಕ್ಕ ಸಿಟ್ಟಿಲ್ಲ. ನಾನೂ ನಿನಗ ಹೇಳಿರಲಿಲ್ಲ. ಆದ್ರ ಆವತ್ತ ನಾ ಅವನಿಗಿ ಬೈವಾಗ ನೀ ಅಲ್ಲೇ ನಿಂತಿದ್ದಿ ಅಲ್ಲಾ?" ಎಂದ.

ಮರುದಿನ ಒಬ್ಬಳೇ ಬಸ್ ಹತ್ತಿ ಅಫಜಲಪುರಕ್ಕೆ ಹೋದೆ. ಅಲ್ಲಿಯವರೆಗೆ ಒಬ್ಬಳೇ ಊರು ಬಿಟ್ಟವಳಲ್ಲ. ಕೇಳುತ್ತ ಕೇಳುತ್ತ ರಾಜಾಸಾಬನ ಮನೆ ಹುಡುಕಿದೆ. ಅವನು ಅಂಗಳದಲ್ಲಿ ಯಾರದೋ ಪಂಪು ಬಿಚ್ಚುತ್ತಿದ್ದ. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು.

"ರಬ್ಬರಿಗಿ ಒಗ್ಗರಣಿ ಹಾಕೀದೇನಬೇ? ಜೀರಗಿ, ಸಾಸ್ವಿ ಎಲ್ಲಾ ಹಾಕಿದ್ದಿ ಹೌದಿಲ್ಲೋ?" ಎಂದು ನಕ್ಕ. ನಾನೂ ಅಳುತ್ತಲೇ ನಕ್ಕೆ. ಆಮೇಲೆ ಅವನ ಮುಖ ಗಂಭೀರವಾಯಿತು. "ಇಲ್ಲಿ ಅಂಗಳದಾಗ ಹೇಳಿದ್ರ ಆಗಂಗಿಲ್ಲ ತಂಗಿ. ನಾ ಅನ್ನಿಸ್ಕೊಂಡಿದ್ದು ದಂಡೀ ಮ್ಯಾಲ, ಊರ ಮುಂದ."

"ಅಲ್ಲೇ ಹೇಳ್ತೀನಿ. ನೀ ಬಾ" ಎಂದೆ.

ಮುಂದಿನ ಸಂತೆಯ ದಿನ ಅವನು ಬಂದ. ದಂಡೆಯ ಮೇಲೆ ಜನ ಕೂಡಿದ್ದರು. ಡಬ್ಬಿ ಮೇಲೆತ್ತಿ ಹಿಡಿದು, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ತಪ್ಪು ನನ್ನದು, ರಾಜಾಸಾಬನದಲ್ಲ, ಆವತ್ತು ಗೊತ್ತಿದ್ದೂ ಸುಮ್ಮನಿದ್ದೆ ಎಂದೆ. ಕೆಲವರು ಗುಸುಗುಸು ಮಾಡಿದರು. ಒಬ್ಬ, "ಹೆಣ್ಮಕ್ಕಳ ಕೈಯಾಗ ಹಡಗ ಕೊಟ್ರ ಹಿಂಗೇ" ಎಂದ. ಅದಕ್ಕೆ ಆ ಮುದುಕಿಯೇ, "ನೀ ಸುಮ್ನಿರಲೇ. ತೂತ ಮುಚ್ಚಿ ನಿನ್ನ ದಂಡೀಗಿ ಹಚ್ಚಿದ ಕೈನೂ ಅದೇ" ಎಂದಳು. ಅಣ್ಣ ರಾಜಾಸಾಬನ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡ.

ಮುಂಬೈಯ ಗೆಳೆಯನೊಬ್ಬನ ಕೈಯಲ್ಲಿ ಅಣ್ಣ ಹೊಸ ಉಂಗುರ ತರಿಸಿದ. ರಾಜಾಸಾಬ ಅದನ್ನು ನನ್ನ ಕೈಯಲ್ಲಿಟ್ಟು, "ನೀನೇ ಕೂಡ್ಸು" ಎಂದ. ಸಾಬೂನಿನ ನೀರು ಸವರಿ, ಅವರಿಬ್ಬರು ತೋರಿಸಿದಂತೆ ಕೂಡಿಸಿದೆ. ಮೊದಲ ಸಲ ದಾಟುವಾಗ ದಂಡದ ಪಕ್ಕದಲ್ಲೇ ಕೂತು, ಆಚೆ ದಂಡೆ ಬರುವವರೆಗೂ ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ಅಲ್ಲಿಂದ ಮುಂದೆ ನನ್ನ ಮದುವೆಯಾಗುವವರೆಗೂ ಆ ಕೆಲಸ ನನ್ನದೇ ಆಯಿತು.

ಈಗ ನನ್ನ ಸೊಸೆ ಕುಕ್ಕರಿನ ರಬ್ಬರಿಗೆ ಎಣ್ಣೆ ಸವರಲು ಹೋದರೆ ಕೈ ಹಿಡಿಯುತ್ತೇನೆ. "ಯಾರು ಕಲಿಸ್ಯಾರ ಅತ್ತಿ ನಿಮಗ ಇದೆಲ್ಲಾ?" ಎಂದು ಕೇಳುತ್ತಾಳೆ. ಎಣ್ಣೆಗೆ ರಬ್ಬರ್ ಕೆಡುತ್ತದೆ ಎಂದು ಹೇಳಿ ಮಾತು ಮುಗಿಸಬಹುದು. ಮುಗಿಸುವುದಿಲ್ಲ. ಒದ್ದೆ ರುಮಾಲು ಹಿಂಡಿಕೊಂಡು ಹೋದ ರಾಜಾಸಾಬನ ಕತೆಯನ್ನೂ, ನಾನು ಸುಮ್ಮನೆ ನಿಂತು ನೋಡಿದ್ದನ್ನೂ ಹೇಳಿಯೇ ಒಲೆ ಹಚ್ಚುತ್ತೇನೆ.