ತಲೆಗೆರಡು ಟ್ಯೂನಾ

ಗಲ್ಫಿನ ಫಿಂಟಾಸ್ ಕಡಲಲ್ಲಿ ನೊರ್ಬರ್ಟ್ ಓಡಿಸುತ್ತಿದ್ದ ದೋಣಿ ಅವನದಲ್ಲ, ವೀಸಾ ಕೊಟ್ಟ ಅರಬ್ಬಿ ಧಣಿ ಕಫೀಲನದು. ಶುಕ್ರವಾರ ಬಂತೆಂದರೆ ಶರ್ಕ್‌ನ ಆಫೀಸುಗಳ ಸಾಹೇಬರು ಬಾಡಿಗೆ ಕೊಟ್ಟು, ಕಪ್ಪು ಕನ್ನಡಕ ಏರಿಸಿಕೊಂಡು ಟ್ಯೂನಾ ಹಿಡಿಯಲು ಬರುತ್ತಿದ್ದರು. ಗಂಗೊಳ್ಳಿಯಲ್ಲಿ ಹುಟ್ಟಿದ ನೊರ್ಬರ್ಟನಿಗೆ ಮೀನು ಹಿಡಿಯುವುದೆಂದರೆ ಹೊಟ್ಟೆಪಾಡು. ಅದನ್ನೇ ಕೈಯಿಂದ ದುಡ್ಡು ಹಾಕಿ ಮಾಡುವವರನ್ನು ಕಂಡು ಅವನಿಗೆ ಮೊದಮೊದಲು ನಗು ಬರುತ್ತಿತ್ತು.

ಆ ಕೆಲಸ ಕೊಡಿಸಿದವರು ರೋಕ್ ಬಾಬ್, ಅದೇ ದೋಣಿಯ ಹಳೆಯ ಮೆಕ್ಯಾನಿಕ್. ಲಕ್ವ ಹೊಡೆದು ಎಡಗೈ ಎಡಗಾಲು ಸೋತ ಮೇಲೆ ಅವರು ಹವಲ್ಲಿಯ ಫ್ಲ್ಯಾಟು ಹಿಡಿದು ಕೂತಿದ್ದರು. ಹೆಂಡತಿ ಬೆಟ್ಟಿಬಾಯಿ ನರ್ಸು. ಆಕೆ ಡ್ಯೂಟಿಗೆ ಹೋದರೆ ಅವರಿಗೆ ಟಿವಿಯೇ ಗತಿ. ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು.

ಅಷ್ಟರಲ್ಲಿ ಹೊಸ ಕಾನೂನು ಬಂತು. ಕಡಲಲ್ಲಿ ಮೀನು ಬರಿದಾಗುತ್ತಿದೆ, ಇನ್ನು ಮುಂದೆ ತಲೆಗೆ ಎರಡೇ ಟ್ಯೂನಾ. ಕೆಲಸದವರ ತಲೆ ಲೆಕ್ಕಕ್ಕಿಲ್ಲ. ಮೀನು ಬರಿದಾಗಿದ್ದು ಸುಳ್ಳಲ್ಲ, ನೊರ್ಬರ್ಟನಿಗೂ ಗೊತ್ತಿತ್ತು. ಆದರೆ ಸಾಹೇಬರೇನು ಕಡಿಮೆ ಜಾಣರೇ? ಮಾವನನ್ನು, ಅತ್ತೆಯನ್ನು, ದೋಣಿ ಅಲುಗಿದರೆ ವಾಂತಿ ಮಾಡುವ ಭಾವಮೈದುನನನ್ನು ತಂದು ಕೂರಿಸತೊಡಗಿದರು. ಅದನ್ನು ನೋಡಿಯೇ ನೊರ್ಬರ್ಟನಿಗೆ ಉಪಾಯ ಹೊಳೆದದ್ದು.

"ತಲೆ ಸಾಲದಿದ್ರೆ ನನ್ನತ್ರ ಒಂದು ಉಂಟು ಸಾರ್," ಎಂದ. "ಒಂದು ಮೀನು ನಿಮಗೆ, ಒಂದು ಅವರ ಮನೆಗೆ."

ಹಾಗೆ ಪ್ರತಿ ಶುಕ್ರವಾರ ರೋಕ್ ಬಾಬ್ ದೋಣಿ ಹತ್ತಿದರು. ಲೈಫ್ ಜಾಕೆಟ್ ತೊಟ್ಟು ಇಂಜಿನ್ನಿನ ಪಕ್ಕದಲ್ಲೇ ಕೂರುತ್ತಿದ್ದರು. ತಮ್ಮನ್ನು ಯಾಕೆ ಕರೆತಂದಿದ್ದಾನೆಂದು ಗೊತ್ತಿದ್ದೂ ಬೇಸರವಿರಲಿಲ್ಲ.

"ಕೈಕಾಲು ಹೋದ ಮೇಲೆ ತಲೆಗೆ ರೇಟು ಬಂತು ನೋಡು ಮಾರಾಯ," ಎಂದು ನಗುತ್ತಿದ್ದರು.

ಅವರು ಮತ್ತೆ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆಂದು ಹೇಳುವಾಗ ಬೆಟ್ಟಿಬಾಯಿಯ ಕಣ್ಣು ತುಂಬುತ್ತಿತ್ತು.

ಮರುವರ್ಷ ಕಾನೂನು ಮತ್ತೆ ಬದಲಾಯಿತು. ತಲೆಯ ಲೆಕ್ಕ ಹೋಗಿ ದೋಣಿಯ ಲೆಕ್ಕ ಬಂತು: ಎಷ್ಟೇ ಜನವಿರಲಿ, ಒಂದು ದೋಣಿಗೆ ಇಷ್ಟೇ ಮೀನು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಜಾಗ ಹಿಡಿದು ಕೂತ ರೋಕ್ ಬಾಬರನ್ನು ಕಂಡು ಸಾಹೇಬರು ಮುಖ ಸಿಂಡರಿಸಿದರು. ಕಫೀಲನ ಕಿವಿಗೂ ದೂರು ಹೋಯಿತು. "ಮುದುಕ ಖಲಾಸ್," ಎಂದ ಅವನು.

ರೋಕ್ ಬಾಬ್‌ಗೆ ಅದನ್ನು ಹೇಳಲು ನೊರ್ಬರ್ಟನಿಗೆ ನಾಲಿಗೆಯೇ ಏಳಲಿಲ್ಲ. ಗುರುವಾರ ಫೋನ್ ಮಾಡಿ, "ನಾಳೆ ಬೋಟ್ ಇಲ್ಲ ರೋಕ್ ಬಾಬ್, ಇಂಜಿನ್ ಹಾಳಾಗಿದೆ," ಎಂದುಬಿಟ್ಟ. ಮೆಕ್ಯಾನಿಕ್ಕಿಗೆ ಹೇಳಬಾರದ ಸುಳ್ಳು ಅದೊಂದೇ.

"ಹೊಗೆ ಎಂಥದ್ದು? ಕಪ್ಪಾ, ಬಿಳಿಯಾ?"

"ಬಿಳಿ."

"ಹಾಗಾದ್ರೆ ಒಳಗೆ ನೀರು ಹೋಗ್ತಾ ಉಂಟು. ಗ್ಯಾಸ್ಕೆಟ್ ಬದಲಿಸ್ಬೇಕು."

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು. ಮುಂದಿನ ವಾರವೂ ಅದೇ ಇಂಜಿನ್, ಅದೇ ಹೊಗೆ. ಈಗ ರೋಕ್ ಬಾಬೇ ಫೋನ್ ಮಾಡಿ ವಿಚಾರಿಸತೊಡಗಿದರು. ಗ್ಯಾಸ್ಕೆಟ್ ಬದಲಿಸಲು ಕಫೀಲನಿಗೆ ಒಳ್ಳೆಯ ಕೆಲಸದವ ಸಿಕ್ಕಿಲ್ಲವೆಂದ ನೊರ್ಬರ್ಟ್. ಫೋನಿಟ್ಟ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಒಂದು ಶುಕ್ರವಾರ ಸಾಹೇಬರನ್ನು ತುಂಬಿಕೊಂಡು ದಡಕ್ಕೆ ಮರಳುತ್ತಿದ್ದಾಗ ಜೆಟ್ಟಿಯ ಮೇಲೆ ಬೆಟ್ಟಿಬಾಯಿ ನಿಂತಿರುವುದು ಕಂಡಿತು. ಪಕ್ಕದಲ್ಲಿ ರೋಕ್ ಬಾಬ್ ತಮ್ಮ ಹಳೆಯ ಹತಾರದ ಪೆಟ್ಟಿಗೆಯ ಮೇಲೆ ಕೂತಿದ್ದರು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ನೊರ್ಬರ್ಟನಿಗೆ. ಆದರೆ ಕಾಲಡಿ ಭೂಮಿಯೂ ಇರಲಿಲ್ಲ. ಸಾಹೇಬರು ಮೀನು ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡು ಹೋಗುವವರೆಗೂ ಅವನು ಚುಕ್ಕಾಣಿ ಬಿಟ್ಟು ಇಳಿಯಲಿಲ್ಲ.

ರೋಕ್ ಬಾಬ್ ಬೈಯಲಿಲ್ಲ. ಇನ್ನೂ ಓಡುತ್ತಿದ್ದ ಇಂಜಿನ್ನಿಗೆ ಕಿವಿ ಕೊಟ್ಟು ಕೂತಿದ್ದರು.

"ಸದ್ದು ಚಂದ ಉಂಟು ನೊರ್ಬು," ಎಂದರು. "ಇದಕ್ಕೆ ಏನೂ ಆಗಿರ್ಲಿಲ್ಲ ಅಲ್ವಾ?"

ನೊರ್ಬರ್ಟ್ ಇಂಜಿನ್ ಆರಿಸಿದ.

"ಬೇಡ ಅಂತ ಹೇಳಿದ್ರೆ ಆಗ್ತಿತ್ತು. ನಾನು ಮನೇಲೇ ಕೂರ್ತಿದ್ದೆ." ಅವರು ಹೆಂಡತಿಯ ಭುಜ ಹಿಡಿದು ಎದ್ದರು. "ಈ ಪೆಟ್ಟಿಗೆ ಇಲ್ಲೇ ಇರ್ಲಿ. ಹೊತ್ತು ಹೊತ್ತು ಇವಳಿಗೂ ಸುಸ್ತಾಯ್ತು."

ಟ್ಯಾಕ್ಸಿ ಹೋದ ಮೇಲೆ ನೊರ್ಬರ್ಟ್ ಪೆಟ್ಟಿಗೆ ತೆರೆದ. ಉಜ್ಜಿ ಎಣ್ಣೆ ಸವರಿಟ್ಟ ಪಾನಾಗಳ ಮೇಲೆ, ಕವರು ಕೂಡ ಬಿಚ್ಚದ ಹೊಸ ಗ್ಯಾಸ್ಕೆಟ್ ಇತ್ತು.