ಎದೆ ಹಾರುವುದೆಂದರೆ

ಸುಮ್ಮನೆ ಕೂತಾಗ ತೊಂಬತ್ತಾರು ಬಡಿಯುತ್ತಿದ್ದ ನನ್ನ ನಾಡಿ ಎಪ್ಪತ್ತೆರಡಕ್ಕೆ ಇಳಿದ ಕಥೆಯನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಅದರ ಇನ್ನರ್ಧವನ್ನು ಮಾತ್ರ ಯಾರಿಗೂ ಹೇಳಿಲ್ಲ. ಹೇಳಲು ನಾಚಿಕೆಯಾಗುತ್ತದೆ.

ಸೇಡಂನಲ್ಲಿ ನಾನು ಟೀಚರ್. ಕಳೆದ ವರ್ಷ ಮೆಟ್ಟಿಲು ಹತ್ತಿದರೆ ಸಾಕು, ಏದುಸಿರು ಬರುತ್ತಿತ್ತು. ರಕ್ತ, ಥೈರಾಯ್ಡ್, ಇಸಿಜಿ ಎಲ್ಲ ನೋಡಿದ ಡಾಕ್ಟರಮ್ಮ, "ಕಾಯಿಲೆ ಏನೂ ಇಲ್ಲ ಮೇಡಂ. ನೀವು ನಡೆಯೋದಿಲ್ಲ, ಸರಿಯಾಗಿ ಮಲಗೋದಿಲ್ಲ, ದಿನಕ್ಕೆ ಆರು ಸಲ ಚಹಾ ಕುಡೀತೀರಿ. ಹೃದಯ ಕೂತಲ್ಲೇ ಓಡ್ತಿದೆ" ಎಂದು ನಕ್ಕರು. ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ ಎಂದರು.

ಬೆಳಿಗ್ಗೆ ಹೇಗೆ ಸಾಧ್ಯ? ಗಂಡನಿಗೆ ವಾಡಿಯಲ್ಲಿ ಕೆಲಸ, ಬೆಳಗಿನ ರೈಲಿಗೇ ಹೊರಡಬೇಕು. ಅಷ್ಟರೊಳಗೆ ಜೋಳದ ರೊಟ್ಟಿ ಬಡಿದು ಇಬ್ಬರ ಡಬ್ಬಿಯೂ ಆಗಬೇಕು. ಅತ್ತೆಗೆ ಗೊತ್ತಾದದ್ದೇ ತಡ, "ನೀ ಹೋಗವ್ವ, ರೊಟ್ಟಿ ನಾ ಬಡಿತೀನಿ. ನನ್ನ ಕೈಯೇನು ಸವದಾವ?" ಅಂದುಬಿಟ್ಟರು. ಬಾಯಿಮಾತಿಗಾದರೂ ನಾನು ಬೇಡ ಅನ್ನಲಿಲ್ಲ. ಮರುದಿನವೇ ಬೂಟು ಕೊಂಡುತಂದೆ.

ಮೊದಲ ವಾರ ಪಕ್ಕೆ ಹಿಡಿಯುತ್ತಿತ್ತು. ಆಮೇಲೆ ರೂಢಿಯಾಯಿತು. ಚಹಾ ಎರಡಕ್ಕೆ ಇಳಿಯಿತು, ಹತ್ತು ಗಂಟೆಗೆ ಮೊಬೈಲ್ ಬದಿಗಿಟ್ಟು ಮಲಗತೊಡಗಿದೆ. ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಕೂತು, ಡಾಕ್ಟರಮ್ಮ ಹೇಳಿಕೊಟ್ಟಂತೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸುವುದು ನನಗೆ ಪೂಜೆಯ ಹಾಗೆ ಆಗಿಹೋಯಿತು. ತೊಂಬತ್ತು. ಎಂಬತ್ತಾರು. ಎಂಬತ್ತೊಂದು. ಒಂದು ಇಳಿದರೆ ದಿನವೆಲ್ಲ ಕುಣಿಯುವಷ್ಟು ಖುಷಿ.

ಒಂದು ದಿನ ಬೂಟಿನ ಲಾಡಿ ಕಟ್ಟುತ್ತಿದ್ದೆ. ಒಲೆಯ ಮುಂದಿದ್ದ ಅತ್ತೆ ಹಿಟ್ಟಿನ ಕೈಯನ್ನೇ ಎದೆಗೆ ಒತ್ತಿಕೊಂಡು, "ಯವ್ವಾ, ಎದಿ ಹಾರ್ಲಿಕತ್ತದ ನೋಡು" ಅಂದರು.

ನಮ್ಮ ಕಡೆ ಈ ಮಾತನ್ನು ಯಾವಾಗ ಅನ್ನುತ್ತಾರೆ ಹೇಳಿ? ಕೂಸು ಬಾವಿಯ ದಂಡೆಗೆ ಹೋದರೆ, ಮನೆಯವರು ಬರುವ ಬಸ್ಸು ತಡವಾದರೆ, ಎದೆ ಹಾರುತ್ತದೆ. ಹೊರಗೆ ರಸ್ತೆಯ ತುಂಬ ಸಿಮೆಂಟ್ ಲಾರಿಗಳು. ನನ್ನ ಬಗ್ಗೆಯೇ ಅಂಜುತ್ತಿದ್ದಾರೆ ಅಂದುಕೊಂಡೆ. "ಅಂಜಬ್ಯಾಡ್ರಿ ಅತ್ತೀ, ನಾ ರಸ್ತಾದ ಬಾಜೂಕ ನಡೀತೀನಿ" ಅಂದೆ. ಅವರು ನನ್ನ ಮುಖ ನೋಡಿ ಸ್ವಲ್ಪ ನಕ್ಕು ಹಿಟ್ಟಿನ ಕಡೆ ತಿರುಗಿದರು.

ಎರಡು ದಿನ ಬಿಟ್ಟು ಮತ್ತೆ ಅದೇ ಮಾತು. ಮುಂದಿನ ವಾರವೂ ಅದೇ. ನನಗೆ ಸಿಟ್ಟು ಬಂತು. "ಹೊರಗ ಹೋಗೋ ಮುಂದ ಹಿಂಗ ಅನಬ್ಯಾಡ್ರಿ, ಛಂದ ಅನ್ಸೂದಿಲ್ಲ" ಎಂದು ಗದರಿಸಿದೆ. ಆಮೇಲೆ ಅವರು ಅನ್ನಲಿಲ್ಲ. ಧೈರ್ಯ ಬಂತು ಬಿಡು ಅಂದುಕೊಂಡೆ. ಎಂಥ ಹುಚ್ಚಿ ನಾನು!

ಹೀಗೆ ನಾಲ್ಕು ತಿಂಗಳು ಕಳೆದವು. ಒಂದು ಬೆಳಿಗ್ಗೆ ನಡೆದು ಬಂದರೆ ಮನೆಯ ತುಂಬ ಹೊಗೆ. ಗಂಡ ಆಗಲೇ ರೈಲಿಗೆ ಹೋಗಿದ್ದರು. ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. "ರೊಟ್ಟಿ ಸೀದಾವಲ್ರಿ ಅತ್ತೀ!" ಎಂದೇ ಒಳಗೆ ಹೋದೆ. ಹೌದು, ನನ್ನ ಮೊದಲ ಮಾತು ಅದೇ. ಅವರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು, ಹಣೆಯೆಲ್ಲ ಬೆವರು. ಗ್ಯಾಸ್ ಆರಿಸಿ ಕೈ ಹಿಡಿದೆ. ರೂಢಿಯಿಂದ ಎರಡು ಬೆರಳು ತಾನಾಗಿಯೇ ನಾಡಿಗೆ ಹೋದವು. ಎಣಿಸಲು ಆಗಲೇ ಇಲ್ಲ. ಅದು ಓಡುತ್ತಿತ್ತು, ತಡೆಯುತ್ತಿತ್ತು, ಮತ್ತೆ ಒಮ್ಮೆಲೇ ಮುಗಿಬಿದ್ದು ಓಡುತ್ತಿತ್ತು. ಆಗ ತಿಳಿಯಿತು. ಅವರು ಅಂಜಿಕೆಯ ಮಾತು ಆಡಿರಲೇ ಇಲ್ಲ. ಎದೆ ಖರೆಯೇ ಹಾರುತ್ತಿತ್ತು.

ಅದೇ ಡಾಕ್ಟರಮ್ಮನ ಬಳಿಗೆ ಓಡಿದೆವು. ಬಡಿತದ ಲಯವೇ ತಪ್ಪಿದೆ, ಎಷ್ಟು ದಿನದಿಂದ ಹೀಗೆ ಎಂದು ಅವರು ಕೇಳಿದರು.

"ನಾಕು ದಿನ ಆಯ್ತ್ರಿ" ಅಂದರು ಅತ್ತೆ, ನನ್ನ ಕಡೆ ನೋಡದೆ.

ಸುಳ್ಳೇಕೆ ಹೇಳಲಿ, ಒಂದು ಕ್ಷಣ ನನಗೆ ಹಾಯೆನಿಸಿತು. ಡಾಕ್ಟರಮ್ಮ ಅದನ್ನು ಬರೆದುಕೊಳ್ಳುವ ತನಕ ಸುಮ್ಮನಿದ್ದೆ. ಆಮೇಲೆ ತಡೆಯಲಾಗಲಿಲ್ಲ. "ನಾಕು ದಿನ ಅಲ್ರಿ, ನಾಕು ತಿಂಗಳು. ನನಗ ಹೇಳಿದ್ರು. ನಾ ಬ್ಯಾರೇನೇ ತಿಳ್ಕೊಂಡೆ."

ಅವರು ಪೆನ್ನು ಕೆಳಗಿಟ್ಟರು. "ನಿಮ್ಮ ನಾಡಿ ದಿನಾ ಎಣಿಸ್ತೀರಿ. ಮನೆಯಲ್ಲೇ ಇರೋ ಇವರದ್ದನ್ನ ಒಂದು ದಿನವೂ ನೋಡಲಿಲ್ವಾ? ಇದನ್ನ ಹೀಗೇ ಬಿಟ್ಟಿದ್ರೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೀಬಹುದಿತ್ತು." ಹೊರಗೆ ಕೂತಿದ್ದವರಿಗೂ ಕೇಳಿಸಿರಬೇಕು.

ಕಲಬುರಗಿಯಲ್ಲಿ ತೋರಿಸಿದೆವು. ಗುಳಿಗೆ ಹಿಡಿದವು, ಈಗ ಆರಾಮ ಇದ್ದಾರೆ. ನನ್ನ ನಡಿಗೆ ಸಂಜೆಗೆ ಹೋಗಿದೆ. ಆದರೆ ಆ ದಿನ ದವಾಖಾನೆಯಿಂದ ಬರುವಾಗ ಆಟೋದಲ್ಲಿ ಅವರು ಆಡಿದ ಮಾತು ನನ್ನನ್ನು ಬಿಟ್ಟಿಲ್ಲ.

"ಖರೇ ಯಾಕ ಹೇಳ್ದಿ?"

"ಹೇಳ್ಲಿಲ್ಲಂದ್ರ ಔಷಧ ಹೆಂಗ ಕೊಡ್ತಾರ್ರೀ ಅತ್ತೀ?"

"ಮಂದಿ ಮುಂದ ನಿನಗ ಬೈದಿದ್ದು ನೋಡಿ ಭಾಳ ಕೆಟ್ಟ ಅನಿಸ್ತು. ನೀ ಬೇಕಂತ ಮಾಡಿಲ್ಲಲ್ಲ" ಎಂದು ನನ್ನ ಬೆನ್ನು ಸವರಿದರು.

ಬೇಕಂತ ಮಾಡಿಲ್ಲ, ಖರೆ. ಆದರೆ ಮೊದಲ ಸಲ ಹೇಳಿದಾಗಲೇ ಎದ್ದು ಹೋಗಿ ಅವರ ಕೈ ಹಿಡಿದು ನೋಡಲು ಒಂದು ನಿಮಿಷ ಸಾಕಿತ್ತು. ನನಗೆ ವಾಕಿಂಗಿಗೆ ತಡವಾಗುತ್ತಿತ್ತು.