ಹಳದಿ ಗೆರೆ ದಾಟಿದ ಸ್ಕೂಟರ್

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಓದಿದವರು, ‘ಈ ಹೆಣ್ಣುಮಗಳು ಇಷ್ಟಕ್ಕೆಲ್ಲ ಹೀಗಾಡಿದಳಾ’ ಎಂದು ಕೇಳುತ್ತಾರೆ. ಹೌದು, ಇಷ್ಟಕ್ಕೇ ಹೀಗಾಡಿದೆ. ಹನುಮಸಾಗರ, ಯಲಬುರ್ಗಾ, ಕೊನೆಗೆ ಕೊಪ್ಪಳ ಎಂದು ಊರೂರಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡೇ ಕಲಿಸಿದೆ. ಮಕ್ಕಳೇನೂ ಕೆಟ್ಟುಹೋಗಲಿಲ್ಲ.

ಸ್ಕೂಟರ್ ಓಡಿಸಲು ಕಲಿತದ್ದು ಐವತ್ತು ದಾಟಿದ ಮೇಲೆ, ಮನೆಯವರು ತೀರಿಕೊಂಡ ನಂತರ. ಅಲ್ಲಿಯವರೆಗೆ ಎಲ್ಲಿಗೆ ಹೋಗಬೇಕಾದರೂ ಅವರ ಗಾಡಿಯ ಹಿಂದೆ ಕೂರಬೇಕು, ಇಲ್ಲವೇ ಟಂಟಂ ಆಟೋ ತುಂಬುವವರೆಗೆ ಬಿಸಿಲಲ್ಲಿ ಕಾಯಬೇಕು. ಕಲಿಸಿದವನು ನನ್ನ ಮಗನೇ. ಕಾಲೇಜಿನ ಬಯಲಿನಲ್ಲಿ ಹಿಂದಿನ ಸೀಟು ಹಿಡಿದುಕೊಂಡು, ಏದುಸಿರು ಬಿಡುತ್ತ ಓಡುತ್ತಿದ್ದ. ಓಣಿಯ ಹೆಂಗಸರು ಬಾಯಿಗೆ ಸೆರಗು ಇಟ್ಟು ನಕ್ಕರು. ನಗಲಿ ಎಂದೆ. ಆರು ತಿಂಗಳಿಗೆ ಅವರೇ, ‘ಅಕ್ಕಾರ, ಬಜಾರಕ್ಕ ಹೊಂಟಿದ್ರ ನನ್ನೂ ಕರಕೊಂಡ ಹೋಗ್ರಿ’ ಎಂದು ಹಿಂದೆ ಹತ್ತತೊಡಗಿದರು.

ಹೋದ ವರ್ಷ ಮನೆಯ ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು. ಬಿದ್ದೆ. ಮೊಣಕಾಲು ತರಚಿತು, ಅಷ್ಟೇ. ನಾಯಿಗೂ ಏನೂ ಆಗಲಿಲ್ಲ. ಆದರೆ ಮಗ ಅರಿಶಿಣ ಹಚ್ಚುತ್ತ ಹೇಳಿದ, “ಇನ್ನೊಂದ್ಸಲ ಏನರ ಆತಂದ್ರ ಚಾವಿ ನನ್ನ ಕೈಯಾಗ ಕೊಡಬೇಕು ನೋಡವ್ವಾ.” ನಾನು ಹೂಂ ಎಂದೆ. ಅಂದಿನಿಂದ ಗಾಡಿ ಹತ್ತಿದಾಗಲೆಲ್ಲ ಪರೀಕ್ಷೆಗೆ ಕೂತ ಹಾಗೆ. ಬೀದಿಯಲ್ಲಿ ನನ್ನಷ್ಟು ನೇಮದಿಂದ ಓಡಿಸುವವರು ಇನ್ನೊಬ್ಬರಿರಲಿಲ್ಲ. ಆ ಕೀಲಿಕೈ ಹೋದರೆ ಮತ್ತೆ ಟಂಟಂ ಕಾಯುವ ಮುದುಕಿಯಾಗಬೇಕು, ಮಗನಿಗೆ ಬಿಡುವಾದಾಗ ಬಜಾರಕ್ಕೆ ಹೋಗಬೇಕು. ನಾನು ಅದಕ್ಕೆ ತಯಾರಿರಲಿಲ್ಲ.

ಅದೇ ಸುಮಾರಿಗೆ ಹೊಸಪೇಟೆ ರಸ್ತೆಯಲ್ಲಿ ದೊಡ್ಡದೊಂದು ಸೂಪರ್ ಮಾರ್ಕೆಟ್ ತೆರೆದರು. ಗಾಜಿನ ಬಾಗಿಲು, ಒಳಗೆ ತಂಪು, ತಳ್ಳುವ ಗಾಡಿ. ಕುಷ್ಟಗಿ ಕಡೆಯ ಹಳ್ಳಿಗಳಿಂದಲೂ ಜನ ಟ್ರ್ಯಾಕ್ಟರ್ ಮಾಡಿಕೊಂಡು ಬಂದು ನೋಡಿ ಹೋದರು. ಮುಂದೆ ವಿಶಾಲವಾದ ಅಂಗಳ. ಮೊದಮೊದಲು ಯಾರು ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಬಹುದಿತ್ತು. ಜನ ಬರುವುದು ರೂಢಿಯಾದ ಮೇಲೆ ನೆಲಕ್ಕೆ ಹಳದಿ ಗೆರೆ ಬಂತು, ಗೋಣಿಚೀಲದ ತುಂಬ ಸರಪಳಿ ಇಟ್ಟುಕೊಂಡ, ಬಾಯಲ್ಲಿ ಸೀಟಿ ಕಚ್ಚಿಕೊಂಡ ಗುತ್ತಿಗೆ ಆಳು ಬಂದ, ಅವನ ಹಿಂದೆ ಒಂದು ಫಲಕ: ‘ಗೆರೆ ದಾಟಿದ ವಾಹನಗಳಿಗೆ ಸರಪಳಿ ಹಾಕಲಾಗುವುದು. ದಂಡ ವಸೂಲಿ ಮಾಡಲಾಗುವುದು.’ ಯಾರು ಹಾಕುತ್ತಾರೆ, ಯಾವ ಅಧಿಕಾರದಿಂದ ವಸೂಲಿ ಮಾಡುತ್ತಾರೆ, ಫಲಕದಲ್ಲಿ ಇರಲಿಲ್ಲ. ಪೊಲೀಸರಲ್ಲ, ನಗರಸಭೆಯಲ್ಲ. ಒಂದು ಸೀಟಿ ಸಿಕ್ಕರೆ ಸಾಕು, ನಮ್ಮಲ್ಲಿ ಯಾರು ಬೇಕಾದರೂ ಸರ್ಕಾರವಾಗಬಹುದು.

ಇಲ್ಲಿ ನಮ್ಮ ಊರಿನ ಒಂದು ರೂಢಿ ಹೇಳಬೇಕು. ಕೊಪ್ಪಳದ ಹಳೆಯ ಬಜಾರದಲ್ಲಿ ಗಾಡಿ ನಿಲ್ಲಿಸಿದವರು ಹ್ಯಾಂಡಲ್ ಲಾಕ್ ಮಾಡುವುದಿಲ್ಲ. ಗಂಗಾವತಿಯಲ್ಲೂ ಹಾಗೆಯೇ. ಜಾಗ ಇಕ್ಕಟ್ಟು. ನಿಮ್ಮ ಗಾಡಿ ಹೊರಗೆ ಬರಬೇಕಾದರೆ ನಾಲ್ಕು ಗಾಡಿ ಸರಿಸಬೇಕು. ಬಂದವರು ಸರಿಸುತ್ತಾರೆ, ತಮ್ಮದನ್ನು ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ನೀವು ಬಂದಾಗ ನಿಮ್ಮ ಗಾಡಿ ಔಷಧಿ ಅಂಗಡಿಯ ಮುಂದಿನಿಂದ ಹೂವಿನವಳ ಪಕ್ಕಕ್ಕೆ ಹೋಗಿರುತ್ತದೆ. ಹುಡುಕಿಕೊಳ್ಳುತ್ತೀರಿ. ಲಾಕ್ ಮಾಡಿ ಹೋದವನಿಗೇ ಬೈಗುಳ: “ಯಾಂವ ಇಂವಾ, ಮಾವನ ಮನಿ ಅಂಗಳಾ ಅಂತ ತಿಳಕೊಂಡಾನೇನು?” ಇದು ಎಲ್ಲೂ ಬರೆದಿಟ್ಟ ಕಾಯಿದೆಯಲ್ಲ, ಆದರೆ ಮೀರಿದವರನ್ನು ನಾನು ಕಂಡದ್ದು ಕಡಿಮೆ. ಸೂಪರ್ ಮಾರ್ಕೆಟ್ಟಿನ ಅಂಗಳದಲ್ಲೂ ನನ್ನ ಕೈ ಅದೇ ರೂಢಿಯಂತೆ ನಡೆಯಿತು.

ಎಳ್ಳಮಾವಾಸ್ಯೆಯ ಹಿಂದಿನ ದಿನ. ಶೇಂಗಾ ಎಣ್ಣೆ, ಬೆಲ್ಲ, ಸಾಬೂನು ತರಲು ಹೋಗಿದ್ದೆ. ಅಂಗಳ ತುಂಬಿತ್ತು. ಎರಡು ಗೆರೆಗಳ ನಡುವೆ ಜಾಗ ಸಿಕ್ಕಿತು. ಡಬಲ್ ಸ್ಟ್ಯಾಂಡ್ ಹಾಕಿದೆ, ಹಿಂದೆ ಸರಿದು ನೋಡಿದೆ, ಚೂರು ಸೊಟ್ಟ ಅನ್ನಿಸಿತು, ನೇರ ಮಾಡಿ ಒಳಗೆ ಹೋದೆ. ಚೀಲ ತುಂಬಿಸಿಕೊಂಡು ಹೊರಗೆ ಬಂದರೆ ನನ್ನ ಗಾಡಿ ಹಳದಿ ಗೆರೆಯ ಆಚೆ, ಕಾರು ನಿಲ್ಲಿಸುವ ಜಾಗದಲ್ಲಿ ನಿಂತಿದೆ. ಮುಂದಿನ ಗಾಲಿಗೆ ಸರಪಳಿ, ಸರಪಳಿಗೆ ಬೀಗ. ನನ್ನ ಜಾಗದಲ್ಲಿ ಯಾರದೋ ದೊಡ್ಡ ಬೈಕು. ಏನಾಗಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಊರಿನ ರೂಢಿಯಂತೆ ಯಾರೋ ಸರಿಸಿದ್ದಾರೆ. ಸರಿಸಿದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸರಪಳಿ ನೋಡಿದಾಗ ಬಂತು.

ಸೀಟಿಯವನು ಬಂದ. ಮೂವತ್ತರ ಆಸುಪಾಸಿನ ಗಟ್ಟಿ ಆಳು.

“ಗೆರಿ ದಾಟಿ ಹಚ್ಚೀರಿ ಅಮ್ಮಾರ. ದಂಡ ಕಟ್ರಿ, ಬಿಚ್ತೀನಿ.”

“ನಾ ಗೆರಿ ಒಳಗ ಹಚ್ಚೀನಿ. ಯಾರೋ ಸರಿಸ್ಯಾರ.”

“ಯಾರು ಸರಿಸ್ಯಾರ್ರಿ?”

“ಇಲ್ಲಿ ನಿಂತಾಂವ ನೀನು. ನನ್ನ ಕೇಳ್ತಿಯೇನು?”

“ಹ್ಯಾಂಡಲ್ ಲಾಕ್ ಯಾಕ ಮಾಡಲಿಲ್ರಿ ಮತ್ತ?”

“ಕೊಪ್ಪಳದಾಗ ಯಾರು ಮಾಡ್ತಾರೋ ಯಪ್ಪಾ? ನಿನ್ನ ಗಾಡಿ ಎಲ್ಲೈತಿ?”

ಅವನ ಕಣ್ಣು ಗೋಡೆಯ ಕಡೆ ಹೋಯಿತು. ನಾನು ಅತ್ತ ಹೋಗಿ ಅಲ್ಲಿದ್ದ ಬೈಕಿನ ಹ್ಯಾಂಡಲ್ ಹಿಡಿದು ತಿರುಗಿಸಿದೆ. ಈ ತುದಿಯಿಂದ ಆ ತುದಿಗೆ ಸಲೀಸಾಗಿ ತಿರುಗಿತು. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ನಗು ಕೇಳಿ ಅವನು ಇನ್ನಷ್ಟು ಬಿಗಿಯಾದ. ದಂಡ ಕಟ್ಟದ ಹೊರತು ಬೀಗ ತೆಗೆಯುವುದಿಲ್ಲ ಎಂದು ಕೈ ಕಟ್ಟಿ ನಿಂತ.

ಒಳಗೆ ಹೋಗಿ ಮ್ಯಾನೇಜರನನ್ನು ಹಿಡಿದೆ. “ಪಾರ್ಕಿಂಗ್ ನಮಗ ಸಂಬಂಧ ಇಲ್ರಿ ಮೇಡಂ, ಅದನ್ನ ಗುತ್ತಿಗಿ ಕೊಟ್ಟೀವಿ” ಎಂದ. ಹೊರಗೆ ಬಂದರೆ ಸೀಟಿಯವನು, “ಜಾಗಾ ಅವರದ್ರಿ, ನಿಯಮಾನೂ ಅವರದ. ಅವರನ್ನ ಕೇಳ್ರಿ” ಎಂದ. ಮತ್ತೆ ಒಳಗೆ, ಮತ್ತೆ ಹೊರಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರೂ ಪೂಜಾರಿಯೂ ಒಬ್ಬರನ್ನೊಬ್ಬರು ತೋರಿಸುತ್ತ ನಿಂತಿದ್ದರು. ನನ್ನ ಮೈ ಉರಿಯುತ್ತಿತ್ತು. ಒಳಗೆ ಬಿಲ್ಲು ಹಾಕುವಾಗ ನಾನು ಇವರ ಗಿರಾಕಿ, ಬಾಗಿಲು ದಾಟಿದ ಕೂಡಲೇ ಇನ್ಯಾರದೋ ಕಳ್ಳಿ.

“ಕೊಟ್ಟು ಹೋಗ್ರಿ ಅಕ್ಕಾರ, ಯಾಕ ಸುಮ್ನ ಬಾಯಿ ನೋಯಿಸ್ಕೊಂತೀರಿ” ಎಂದ ನಮ್ಮ ಓಣಿಯವನೊಬ್ಬ. ಹಬ್ಬದ ಸಾಮಾನು ತರಲು ಬಂದವನು, ಪುಕ್ಕಟೆ ಆಟ ನೋಡುತ್ತ ನಿಂತಿದ್ದ. ಕಥೆಗಳಲ್ಲಾದರೆ ಇಂಥ ಹೊತ್ತಿಗೆ ಟೀಚರಮ್ಮನ ಹಳೆಯ ವಿದ್ಯಾರ್ಥಿಯೊಬ್ಬ ಇನ್‌ಸ್ಪೆಕ್ಟರ್ ಆಗಿ ಜೀಪಿನಿಂದ ಇಳಿಯುತ್ತಾನೆ. ನನಗೆ ಯಾರೂ ಬರಲಿಲ್ಲ. ದಂಡ ಕಟ್ಟಿ ಹೋಗಬಹುದಿತ್ತು, ಅಷ್ಟು ದುಡ್ಡು ಪರ್ಸಿನಲ್ಲಿತ್ತು. ಆದರೆ ಕಟ್ಟಿದರೆ ತಪ್ಪು ನನ್ನದು ಎಂದು ಒಪ್ಪಿಕೊಂಡ ಹಾಗೆ. ಈ ಸುದ್ದಿ ಓಣಿಯವನ ಬಾಯಿಂದ ಮಗನಿಗೆ ಮುಟ್ಟುತ್ತದೆ, ಸಂಜೆಗೆ ಕೀಲಿಕೈ ಹೋಗುತ್ತದೆ.

ತಲೆ ಎತ್ತಿದಾಗ ಕಂಬದ ಮೇಲೆ ಕ್ಯಾಮೆರಾ ಕಂಡಿತು. ಅದನ್ನೇ ತೋರಿಸಿ ಹಟ ಹಿಡಿದೆ. ಮ್ಯಾನೇಜರ್ ಮೊದಲು ಆಗುವುದಿಲ್ಲ ಎಂದ, ಆಮೇಲೆ ಕ್ಯಾಮೆರಾ ನೋಡಿಕೊಳ್ಳುವ ಹುಡುಗ ರಜೆಯಲ್ಲಿದ್ದಾನೆ ಎಂದ. ನಾನು ಬಾಗಿಲಿಗೆ ಅಡ್ಡ ನಿಂತೆ. ಗಿರಾಕಿಗಳು ಒಳಗೂ ಹೋಗದೆ ಹೊರಗೂ ಬಾರದೆ ಗದ್ದಲ ಎಬ್ಬಿಸಿದ ಮೇಲೆ, “ಆತ್ರಿ ಮೇಡಂ, ತೋರಸ್ತೀನಿ. ನೀವು ಗೆರಿ ಒಳಗ ಹಚ್ಚಿದ್ದು ಖರೇ ಇದ್ರ ನಾನ ಸರಪಳಿ ಬಿಚ್ಚಸ್ತೀನಿ” ಎಂದ. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಮಗ ಬಂದ. ಓಣಿಯವನು ಫೋನು ಮಾಡಿದ್ದನಂತೆ. ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಹಾಗೇ ಬಂದಿದ್ದ, ಬೂಟಿನ ಮೇಲೆ ಕರಿ ಧೂಳು, ಕೊರಳಲ್ಲಿ ಗುರುತಿನ ಚೀಟಿ. ನನಗೆ ಆನೆಬಲ ಬಂತು, ಸಾಕ್ಷಿಗೆ ನನ್ನವನೇ ಒಬ್ಬನಾದ. ಅವನು ನನ್ನ ಹತ್ತಿರ ಬರಲಿಲ್ಲ. ನೇರ ಸೀಟಿಯವನ ಬಳಿ ಹೋಗಿ ಹೆಗಲ ಮೇಲೆ ಕೈ ಹಾಕಿದ.

“ಬಿಡ್ರಿ ಅಣ್ಣಾರ. ಅವ್ವಗ ವಯಸ್ಸಾಗೈತಿ. ಎಲ್ಲಿ ಹಚ್ಚೀನಿ ಅನ್ನೂದು ನೆನಪ ಇರಂಗಿಲ್ಲ ಆಕಿಗೆ. ಮ್ಯಾಲ ಸಿಟ್ಟು ಬ್ಯಾರೆ. ನೀವ ದೊಡ್ಡ ಮನಸ್ಸು ಮಾಡ್ರಿ.”

ಸೀಟಿಯವನ ಮುಖ ಬೆಣ್ಣೆಯಾಯಿತು. “ಮೊದಲ ಹೇಳಬಾರದೇನ್ರಿ ಮತ್ತ. ನಮ್ಮ ಮನಿಯಾಗೂ ಆಯಿ ಅದಾಳ, ಹಿಂಗ ಮಾಡ್ತಾಳ” ಎಂದು ಬಗ್ಗಿ ಬೀಗ ತೆಗೆದ. ದಂಡದ ಮಾತೇ ಇಲ್ಲ. ಅಷ್ಟು ಹೊತ್ತು ನಿಜ ಹೇಳಿ ಗಂಟಲು ಹರಿದುಕೊಂಡರೂ ಒಬ್ಬರೂ ನಂಬಲಿಲ್ಲ. ಮಗನ ಮಾತು ಕೇಳಿದ ಕೂಡಲೇ ಎಲ್ಲರೂ ನಂಬಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಹ್ಯಾಂಡಲ್ ತಿರುಗಿಸಿದಾಗ ನಕ್ಕಿದ್ದ ಹೆಂಗಸೊಬ್ಬಳು, “ಪಾಪ” ಎಂದಳು. ಆ ಪಾಪಕ್ಕೆ ನನ್ನ ಕಾಲಿನಿಂದ ನೆತ್ತಿಯವರೆಗೆ ಬೆಂಕಿ ಹತ್ತಿತು.

“ಹಾಕು” ಎಂದೆ.

“ಏನ್ರಿ ಆಯಿ?”

“ಸರಪಳಿ ಹಾಕು ತಿರಿಗಿ. ಕ್ಯಾಮೆರಾ ನೋಡೂತನಕಾ ಬಿಚ್ಚಬ್ಯಾಡ.”

“ಅವ್ವಾ, ಬಿಟ್ಟಾರಲ್ಲ, ನಡಿ ಮನಿಗಿ” ಎಂದ ಮಗ.

ನಾನು ಸೀಟಿಯವನ ಕೈಯಿಂದ ಸರಪಳಿ ಕಸಿದುಕೊಂಡು, ನೆಲಕ್ಕೆ ಕೂತು, ನನ್ನ ಗಾಲಿಗೆ ನಾನೇ ಸುತ್ತಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಎಲ್ಲರೂ ಮಗನ ಮುಖ ನೋಡುತ್ತಿದ್ದರು, ಕರುಣೆಯಿಂದ. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದ ಮ್ಯಾನೇಜರ್, “ಬರ್ರಿ ಅಜ್ಜಿ, ನೋಡೂಣಂತ, ಸಾವಕಾಶ ಏಳ್ರಿ” ಎಂದು ಕೈ ನೀಡಿದ. ಆ ಕೈ ಹಿಡಿಯದೆ ಎದ್ದೆ.

ಗೋಧಿಹಿಟ್ಟಿನ ಚೀಲಗಳ ಹಿಂದಿನ ಸಣ್ಣ ಕೋಣೆಯಲ್ಲಿ ಕ್ಯಾಮೆರಾ ತೋರಿಸಿದರು. ಸೀರೆ ಉಟ್ಟ ಹೆಣ್ಣುಮಗಳೊಬ್ಬಳು ಬಂದು ಎರಡು ಗೆರೆಗಳ ನಡುವೆ ಗಾಡಿ ನಿಲ್ಲಿಸಿ, ಹಿಂದೆ ಸರಿದು ನೋಡಿ, ನೇರ ಮಾಡಿ ಹೋದಳು. ಆಮೇಲೆ ಹೆಂಡತಿ ಮಗುವನ್ನು ಕೂರಿಸಿಕೊಂಡ ಹುಡುಗನೊಬ್ಬ ದೊಡ್ಡ ಬೈಕಿನಲ್ಲಿ ಬಂದ. ನನ್ನ ಗಾಡಿಯನ್ನು ನಿಧಾನ ಸರಿಸಿದ, ಮರೆಯದೆ ಸ್ಟ್ಯಾಂಡ್ ಹಾಕಿದ, ಸೀಟಿನ ಮೇಲಿನ ಧೂಳನ್ನೂ ಒರೆಸಿದ. ಅವನಿಂದ ನಾಲ್ಕು ಮಾರು ದೂರದಲ್ಲಿ ನಮ್ಮ ಸೀಟಿಯವನು ನಿಂತು ಎಲ್ಲವನ್ನೂ ನೋಡುತ್ತಿದ್ದ. ಆ ಸಂಸಾರ ಒಳಗೆ ಹೋಗುವವರೆಗೆ ಕಾದು, ಗೋಣಿಚೀಲದಿಂದ ಸರಪಳಿ ತೆಗೆದ.

ಆಗ ನಾನು ಆಡಿದ ಮಾತುಗಳನ್ನು ಅಚ್ಚು ಹಾಕಲಾಗದು. ಮ್ಯಾನೇಜರ್, “ತಪ್ಪಾತ್ರಿ” ಎಂದ, ಅದನ್ನೂ ನನಗಲ್ಲ, ನನ್ನ ಮಗನಿಗೆ ಹೇಳಿದ. ನಾನು ಸುತ್ತಿದ್ದ ಸರಪಳಿ ಬಿಚ್ಚಿ, ಗಾಡಿ ಹತ್ತಿ ಮನೆಗೆ ಬಂದೆ. ಮಗ ಕಾರಿನಲ್ಲಿ ನನ್ನ ಹಿಂದೆಯೇ, ಶವಯಾತ್ರೆಯ ವೇಗದಲ್ಲಿ ಬಂದ.

ಮನೆಯಲ್ಲಿ ಕೇಳಿದೆ. “ನೋಡಿದಿ ಹೌದಿಲ್ಲೋ? ನಾ ಸರಿ ಹಚ್ಚಿದ್ದೆ.”

“ನೋಡೀನಿ.”

“ಮತ್ತ ಅಷ್ಟು ಮಂದ್ಯಾಗ ಯಾಕ ಸುಳ್ಳ ಹೇಳಿದಿ?”

ಆ ಸುಳ್ಳನ್ನು ಕ್ಷಮಿಸಲು ನಾನು ತಯಾರಿದ್ದೆ. ಗಾಡಿ ಬಿಡಿಸಿಕೊಳ್ಳಲು ಯಾರು ಸುಳ್ಳು ಹೇಳುವುದಿಲ್ಲ? ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವನು ಅತ್ತೆಯನ್ನು ಆಸ್ಪತ್ರೆಗೆ ಸೇರಿಸುತ್ತಾನೆ. ಇವನೂ ಹಾಗೇ ಏನೋ ಹೇಳಿ ಬಿಡಿಸಿದ್ದಾನೆ, ಒಂದೆರಡು ಬೈದು ಊಟಕ್ಕೆ ಬಡಿಸಿದರಾಯಿತು ಅಂದುಕೊಂಡಿದ್ದೆ. ಅವನು ಬೂಟಿನ ಲಾಡಿ ಬಿಚ್ಚುತ್ತಿದ್ದವನು ತಲೆ ಎತ್ತದೆ ಹೇಳಿದ.

“ನಾ ಸುಳ್ಳ ಹೇಳಲಿಲ್ಲವ್ವಾ.”

ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಅವನು ಬೂಟು ಮೂಲೆಗಿಟ್ಟ. “ಇವತ್ತ ಸರಿ ಹಚ್ಚಿದ್ದಿ. ದಿನಾ ಹಂಗಿರಂಗಿಲ್ಲ” ಎಂದ. ಮೊನ್ನೆ ಹಾಲು ಒಲೆಯ ಮೇಲೆ ಇಟ್ಟು ಮರೆತದ್ದು, ಒಂದೇ ಸುದ್ದಿಯನ್ನು ಎರಡು ಸಲ ಹೇಳಿದ್ದು, ಎಲ್ಲವನ್ನೂ ಮೆಲ್ಲಗೆ, ಹೇಳಲೋ ಬೇಡವೋ ಎಂಬಂತೆ ಹೇಳಿದ. ಹಾಲು ಯಾರ ಮನೆಯಲ್ಲಿ ಉಕ್ಕುವುದಿಲ್ಲ? ಇಡೀ ಊರೇ ಹಾಲು ಉಕ್ಕಿಸುತ್ತದೆ! ಆದರೆ ಅವನು ಕೀಲಿಕೈ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಅದನ್ನು ಮೊಳೆಯ ಮೇಲೆ ಹಾಗೇ ಬಿಟ್ಟು, “ಹುಷಾರಾಗಿ ಹೋಗಿ ಬಾ” ಎಂದ. ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಅಮಾವಾಸ್ಯೆ ಮುಗಿದ ಮೇಲೆ ಹಳೆಯ ಬಜಾರಕ್ಕೆ ಹೋದೆ. ಗುರೆಳ್ಳು ಬೇಕಿತ್ತು. ಗಾಡಿ ನಿಲ್ಲಿಸಿ ಎಂದಿನ ಕಾಳಿನ ಅಂಗಡಿಗೆ ನಡೆದೆ. ಅಂಗಡಿಯವನು ತಕ್ಕಡಿಗೆ ಸುರಿಯುತ್ತಿದ್ದಾಗ ಇದ್ದಕ್ಕಿದ್ದಂತೆ ಅನುಮಾನ ಹೊಕ್ಕಿತು. ಗಾಡಿ ತಿರುವಿನಲ್ಲಿ ನಿಲ್ಲಿಸಿದೆನೋ, ಔಷಧಿ ಅಂಗಡಿಯ ಮುಂದೆಯೋ? ಔಷಧಿ ಅಂಗಡಿಯ ಮುಂದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಲ್ಲಲಾಗಲಿಲ್ಲ. ಚೀಲವನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ಹೊರಗೆ ಬಂದೆ. ಗಾಡಿ ಔಷಧಿ ಅಂಗಡಿಯ ಮುಂದೆಯೇ ಇತ್ತು. ಅವತ್ತು ಯಾರೂ ಒಂದು ಗೇಣು ಸಹ ಸರಿಸಿರಲಿಲ್ಲ.

ಹ್ಯಾಂಡಲ್ ಹಿಡಿದುಕೊಂಡು ನಿಂತೆ. ಕಣ್ಣಿಗೆ ನೀರು ಬಂತು, ಸಿಟ್ಟಿಗೆ. ಯಾರನ್ನು ಬೈಯಬೇಕು ಎಂದು ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅಂಗಡಿಯವನು ನನ್ನ ಚೀಲ ಎತ್ತಿ ಹಿಡಿದು, ಇಡೀ ಬಜಾರಕ್ಕೆ ಕೇಳುವ ಹಾಗೆ ಕೂಗಿದ:

“ಅಕ್ಕಾರ! ಚೀಲಾ ಮರ್ತ ಹೊಂಟೀರಿ!”